ದಿಬ್ಬಣಕ್ಕೆ ಟಿಟಿ ಬುಕ್ ಮಾಡುವವರು ನಂಬರ್ ಪ್ಲೇಟಿನ ಬಣ್ಣ ನೋಡಿಕೊಳ್ಳಿ

ಮದುವೆಗೆಂದು ಬೇರೆ ಊರಿಗೆ ಟೆಂಪೋ ಟ್ರಾವೆಲರ್ (ಟಿಟಿ) ಬಾಡಿಗೆಗೆ ಹಿಡಿಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬುಕ್ ಮಾಡುವಾಗ ತೋರಿಸುವ ಗಾಡಿಯೇ ಬೇರೆ, ಹೊರಡುವ ಹೊತ್ತಿಗೆ ಮನೆ ಮುಂದೆ ಬಂದು ನಿಲ್ಲುವ ಗಾಡಿಯೇ ಬೇರೆ. ಬಾಡಿಗೆ ವಾಹನದ ಹಳದಿ ಬೋರ್ಡ್ ಅಂತ ಒಪ್ಪಿಕೊಂಡು ಸ್ವಂತ ಬಳಕೆಯ ಬಿಳಿ ಬೋರ್ಡ್ ಕಳಿಸುತ್ತಾರೆ. ಸೀರೆ ಉಟ್ಟು, ಮನೆಗೆ ಬೀಗ ಹಾಕಿ, ಗಂಟುಮೂಟೆ ಜಗುಲಿಗೆ ತಂದಿಟ್ಟುಕೊಂಡ ಜನ ಗಾಡಿ ವಾಪಸ್ ಕಳಿಸುವುದಿಲ್ಲ ಎಂಬ ಧೈರ್ಯ ಅವರಿಗೆ.

ನನ್ನ ಅಕ್ಕನ ಮಗನ ಮದುವೆ ಪುತ್ತೂರಿನಲ್ಲಿ, ಹೆಣ್ಣಿನ ಮನೆಯವರ ಊರಲ್ಲಿ. ನಾವು ತುಮಕೂರಿನವರು. ರೈಲಿನಲ್ಲೇ ಹೋಗೋಣ ಎಂದಿದ್ದೆವು, ಕಬಕ ಪುತ್ತೂರು ಸ್ಟೇಷನ್ ಊರಲ್ಲೇ ಇದೆ. ಆದರೆ ರೈಲಿನ ಬುಕಿಂಗ್ 60 ದಿನ ಮುಂಚೆಯೇ ತೆರೆಯುತ್ತದೆ, ನಮ್ಮ ಛತ್ರ ಸಿಕ್ಕು ದಿನ ಗಟ್ಟಿಯಾಗುವಷ್ಟರಲ್ಲಿ ಸೀಟೆಲ್ಲ ಭರ್ತಿ. ಅಕ್ಕ, ಭಾವ, ಹುಡುಗ ವರಪೂಜೆಗೆಂದು ಹಿಂದಿನ ದಿನವೇ ಕಾರಿನಲ್ಲಿ ಹೋದರು. ಉಳಿದ ನೆಂಟರಿಗೆ ರಾತ್ರಿ ಹೊರಟು ಬೆಳಗಿನ ಮುಹೂರ್ತಕ್ಕೆ ತಲುಪುವ ಹಾಗೆ ಟಿಟಿ. ದಿನಕ್ಕೆ 300 ಕಿಲೋಮೀಟರ್ ಮಿನಿಮಮ್, ಡ್ರೈವರ್ ಬತ್ತಾ ಬೇರೆ, ಟೋಲ್ ನಮ್ಮದು. ಎಲ್ಲರೂ ಮಾತಾಡುವ ಲೆಕ್ಕವೇ. ಆರ್‌ಸಿ, ಪರ್ಮಿಟ್, ಇನ್ಶೂರೆನ್ಸ್ ಕೇಳಿದೆ. ವಾಟ್ಸಾಪಿನಲ್ಲಿ ಫೋಟೋ ಬಂತು, ಹಳದಿ ಬೋರ್ಡಿನ ಗಾಡಿ, ಎಲ್ಲ ಸರಿಯಾಗಿತ್ತು. ಅರ್ಧ ಬಾಡಿಗೆ ಮುಂಗಡ ಫೋನ್‌ಪೇ ಮಾಡಿದೆ.

ರಾತ್ರಿ ಒಂಬತ್ತಕ್ಕೆ ಬರಬೇಕಾದ ಗಾಡಿ ಹತ್ತೂಕಾಲಿಗೆ ಬಂತು. ಬಿಳಿ ಬೋರ್ಡ್. ಮಾಲೀಕನಿಗೆ ಫೋನ್ ಮಾಡಿದರೆ, "ಆ ಗಾಡಿ ಕ್ಲಚ್ ಹೋಗಿದೆ ಸಾರ್, ಇದೂ ನಮ್ದೇ, ಹೊಸಾದು, ಏನೂ ಆಗಲ್ಲ ಹೋಗ್ಬನ್ನಿ" ಅಂದ. ಬೇರೆ ಗಾಡಿ ಕಳಿಸು ಎಂದು ಎಷ್ಟು ಕೂಗಾಡಿದರೂ ಲಗ್ನದ ಸೀಸನ್ನು, ಎಲ್ಲೂ ಇಲ್ಲ ಎಂಬುದೊಂದೇ ಉತ್ತರ. ಅಷ್ಟು ಹೊತ್ತಿನಲ್ಲಿ ನನಗೂ ಎಲ್ಲೂ ಸಿಗಲಿಲ್ಲ. ಹೊರಟೆವು.

ತಿಪಟೂರು ದಾಟುವಷ್ಟರಲ್ಲಿ ಡ್ರೈವರ್ ಹುಡುಗನ ತಲೆ ತೂಗುತ್ತಿರುವುದು ಕಂಡಿತು. ಅರಸೀಕೆರೆಯಲ್ಲಿ ಟೀ ಕುಡಿಸಿದೆವು. ಬಾಟಲಿ ನೀರನ್ನು ಮುಖಕ್ಕೆ ಸುರಿದುಕೊಳ್ಳುತ್ತಾ, "ನೆನ್ನೆ ರಾತ್ರಿ ತಿರುಪತಿ ಟ್ರಿಪ್ಪಣ್ಣ, ಮಧ್ಯಾಹ್ನ ಬಂದೆ, ತಿರ್ಗಾ ಇದಕ್ಕೆ ಹತ್ತಿಸಿದ್ರು" ಅಂದ. ಚಾಲಕನಿಗೆ ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು ಎಂದು ಕಾನೂನಿದೆ. ಆ ಹುಡುಗನ ಮೇಲೆ ನನಗೆ ಇವತ್ತಿಗೂ ಕೋಪವಿಲ್ಲ. ಅವನಿಗೆ ಬತ್ತಾ ಬೇಕು, ಹೋಗು ಅಂದ ಕಡೆ ಹೋಗುತ್ತಾನೆ. ನಿದ್ದೆಗೆಟ್ಟವನ ಕೈಗೆ ಗಾಡಿ ಕೊಟ್ಟು, ಮಕ್ಕಳು ಮುದುಕರನ್ನು ಶಿರಾಡಿ ಘಾಟಿಗೆ ಕಳಿಸಿದ ಮಾಲೀಕನ ಮೇಲೆ ಇದೆ.

ಹಾಸನ ತಲುಪುವ ಸ್ವಲ್ಪ ಮುಂಚೆ ಸಾರಿಗೆ ಇಲಾಖೆಯ ಜೀಪು ಕೈ ಅಡ್ಡ ಹಾಕಿತು. ಹುಡುಗ ಗಾಡಿ ನಿಧಾನ ಮಾಡುತ್ತಲೇ ಹಿಂದೆ ತಿರುಗಿ, "ಕೇಳಿದ್ರೆ ನಾವೆಲ್ಲ ಒಂದೇ ಮನೆಯೋರು, ಬಾಡಿಗೆ ಏನೂ ಇಲ್ಲ ಅನ್ನಿ" ಅಂದ. ನಿಮಗೂ ಈ ಮಾತು ಹೇಳಿಕೊಡುತ್ತಾರೆ, ನೆನಪಿಟ್ಟುಕೊಳ್ಳಿ. ಟಾರ್ಚ್ ಹಿಡಿದು ಬಾಗಿಲಿಗೆ ಬಂದ ಇನ್‌ಸ್ಪೆಕ್ಟರ್ ಹೆಂಗಸು. ಮುಂದಿನ ಸೀಟಿನಲ್ಲಿ ನಮ್ಮಮ್ಮ, ತೊಡೆಯ ಮೇಲೆ ಧಾರೆ ಸೀರೆಯ ಕವರು. ರವಿಕೆಯನ್ನು ಟೈಲರ್ ಕೊನೆ ಗಳಿಗೆಯಲ್ಲಿ ಕೊಟ್ಟಿದ್ದರಿಂದ ಸೀರೆ ನಮ್ಮ ಜೊತೆಯೇ ಬರಬೇಕಾಗಿತ್ತು. "ಬಾಡಿಗೆ ಎಷ್ಟು ಮಾತಾಡಿದ್ದೀರಮ್ಮಾ?" ಎಂದು ಇನ್‌ಸ್ಪೆಕ್ಟರ್ ಕೇಳಿದರು. ಅಮ್ಮ ಇದ್ದದ್ದು ಇದ್ದ ಹಾಗೆ ಹೇಳಿದರು: "ಅರ್ಧ ಕೊಟ್ಟಾಗೈತೆ ಕಣವ್ವಾ, ಮೊಮ್ಮಗನ ಮದುವೆ, ಬೇಗ ಬಿಟ್ಬಿಡು."

ಅಮ್ಮ ಹಾಗೆ ಹೇಳಿದ್ದೇ ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಕೆಲವು ನೆಂಟರು ಇವತ್ತಿಗೂ ಅವರನ್ನು ಆಡಿಕೊಳ್ಳುತ್ತಾರೆ, ಅದು ತಪ್ಪು. ಪರ್ಮಿಟ್ ಇಲ್ಲದ ಗಾಡಿಯಲ್ಲಿ ಬಾಡಿಗೆಗೆ ಜನ ಸಾಗಿಸುವುದು ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ನಿಗೆ ವಿರುದ್ಧ. 192ಎ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಗಾಡಿಯನ್ನು ಅಲ್ಲೇ ವಶಕ್ಕೆ ತೆಗೆದುಕೊಳ್ಳುವ ಅಧಿಕಾರವೂ ಸಾರಿಗೆ ಇಲಾಖೆಯವರಿಗಿದೆ. ಕೇಸು ಗಾಡಿಯವರ ಮೇಲೆಯೇ, ನಮ್ಮ ಮೇಲಲ್ಲ. ಆದರೆ ರಸ್ತೆಯಲ್ಲಿ ನಿಲ್ಲುವವರು ನಾವು.

ಇದಕ್ಕಿಂತ ದೊಡ್ಡ ವಿಷಯ ಇನ್ಶೂರೆನ್ಸ್. ಖಾಸಗಿ ವಾಹನದ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಬಾರದು ಎಂಬ ಷರತ್ತು ಇರುತ್ತದೆ. ಅಪಘಾತವಾಗಿ ಯಾರಿಗಾದರೂ ಹೆಚ್ಚುಕಮ್ಮಿಯಾದರೆ, ಕಂಪನಿಯವರು ಇದೇ ಷರತ್ತು ಹಿಡಿದು ಪರಿಹಾರ ನಮ್ಮ ಹೊಣೆಯಲ್ಲ ಎಂದು ವಾದಿಸಬಹುದು. ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾದವರು ಗಾಡಿಯಲ್ಲಿ ಕೂತಿದ್ದ ಕುಟುಂಬದವರು. ಉಳಿಯುವ ಎರಡು ಮೂರು ಸಾವಿರಕ್ಕಾಗಿ ತಾವಾಗಿಯೇ ಬಿಳಿ ಬೋರ್ಡ್ ಹುಡುಕುವವರೂ ಇದ್ದಾರೆ. ದಯವಿಟ್ಟು ಬೇಡ.

ಆ ಇನ್‌ಸ್ಪೆಕ್ಟರ್ ಒಂದು ಉಪಕಾರ ಮಾಡಿದರು. ಮೊದಲು ಇವರನ್ನು ಹಾಸನ ಬಸ್ ಸ್ಟ್ಯಾಂಡಿಗೆ ಬಿಟ್ಟು ಆಮೇಲೆ ಗಾಡಿ ಆಫೀಸಿಗೆ ತೆಗೆದುಕೊಂಡು ಬಾ ಎಂದು ಜೊತೆಗೆ ಒಬ್ಬರನ್ನು ಕೂರಿಸಿ ಕಳಿಸಿದರು. ನಡುರಾತ್ರಿ ಕಾಯಿಮೂಟೆ, ಹರಿವಾಣ, ಬಾಗಿನದ ಮೊರ, ನಿದ್ದೆಗಣ್ಣಿನ ಮಕ್ಕಳು ಎಲ್ಲ ಪ್ಲಾಟ್‌ಫಾರಂ ಮೇಲೆ. ಬೆಂಗಳೂರಿಂದ ಮಂಗಳೂರಿಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸೊಂದು ಬಂತು. ಕಂಡಕ್ಟರ್ ವಯಸ್ಸಾದವರಿಗೂ ಮಕ್ಕಳೊಂದಿಗರಿಗೂ ಹೇಗೋ ಜಾಗ ಮಾಡಿದರು. ಧಾರೆ ಸೀರೆಯೂ ಅದರಲ್ಲೇ ಹೋಯಿತು. ಬೀಗರು ಉಪ್ಪಿನಂಗಡಿಗೆ ಕಾರು ಕಳಿಸಿ ಅವರನ್ನು ಕರೆದುಕೊಂಡು ಹೋದರು. ಸಾಮಾನಿನ ಜೊತೆ ಉಳಿದ ನಮಗೆ ಸಿಕ್ಕಿದ್ದು ಬೆಳಗಿನ ಜಾವದ ಬಸ್ಸು. ಅದು ಮಾರನಹಳ್ಳಿ ಹತ್ತಿರ ಕೆಟ್ಟು ನಿಂತ ಲಾರಿಯ ಹಿಂದೆ ಸಿಕ್ಕಿಕೊಂಡಿತು. ನಾನು ಛತ್ರದ ಮೆಟ್ಟಿಲು ಹತ್ತಿದಾಗ ಧಾರೆ ಎರೆದಾಗಿತ್ತು. ಹುಡುಗನ ಸೋದರಮಾವ ನಾನು. ಸೋದರಮಾವನ ಶಾಸ್ತ್ರವನ್ನು ನನ್ನ ಚಿಕ್ಕಪ್ಪನ ಮಗ ಮಾಡಿದ್ದ.

ಗಾಡಿ ಬುಕ್ ಮಾಡುವವರು ಕೆಲವು ವಿಷಯಗಳಲ್ಲಿ ಗಟ್ಟಿಯಾಗಿರಿ. ಬರೀ ಆರ್‌ಸಿ ಫೋಟೋ ಸಾಲದು. "ಇದೇ ನಂಬರಿನ ಗಾಡಿ ಬರುತ್ತದೆ, ಬದಲಾದರೆ ಹಳದಿ ಬೋರ್ಡಿನದೇ ಬರುತ್ತದೆ, ಇಲ್ಲದಿದ್ದರೆ ಮುಂಗಡ ವಾಪಸ್" ಎಂದು ಅವರ ಕೈಯಲ್ಲೇ ಮೆಸೇಜ್ ಹಾಕಿಸಿಕೊಳ್ಳಿ. ಬರೆದುಕೊಡಲು ತಯಾರಿಲ್ಲದವನ ಹತ್ತಿರ ಗಾಡಿ ಹಿಡಿಯಬೇಡಿ. ನಂಬರನ್ನು ಎಂ-ಪರಿವಾಹನ್ ಆ್ಯಪಿಗೆ ಹಾಕಿದರೆ ಅದು ಯಾವ ವರ್ಗದ ವಾಹನ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮತ್ತು ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಎಂಬುದು ತೋರುತ್ತದೆ. ಹಳದಿ ಹಲಗೆ, ಕಪ್ಪು ಅಕ್ಷರ ಇದ್ದರೆ ಬಾಡಿಗೆ ವಾಹನ. ಬಿಳಿ ಹಲಗೆ, ಕಪ್ಪು ಅಕ್ಷರ ಇದ್ದರೆ ಸ್ವಂತ ಬಳಕೆಯದು, ಎಷ್ಟೇ ಹೊಸದಾಗಿರಲಿ. ಗಾಡಿಯನ್ನು ಹೊರಡುವ ಹೊತ್ತಿಗೆ ಕರೆಸಬೇಡಿ, ಅವತ್ತು ಸಂಜೆಯೇ ಬಂದು ನಿಲ್ಲಲಿ. ಬದಲಾಗಿದ್ದರೆ ಬೇರೆ ದಾರಿ ನೋಡಲು ಸಮಯವಿರುತ್ತದೆ. ಡ್ರೈವರನ್ನೂ ಆಗಲೇ ಮಾತಾಡಿಸಿ, ನೆನ್ನೆ ಎಲ್ಲಿದ್ದೆ, ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿ. ರಾತ್ರಿ ಘಾಟಿ ಇಳಿಯುವ ದಾರಿಯಾದರೆ ಎರಡನೇ ಡ್ರೈವರ್ ಕೇಳಿ, ಬತ್ತಾ ಹೆಚ್ಚಾದರೂ ಚಿಂತೆಯಿಲ್ಲ.

ಜನ ಜಾಸ್ತಿ ಇದ್ದರೆ ಹತ್ತಿರದ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ವಿಚಾರಿಸಿ. ಮದುವೆಗೆ ಬಸ್ಸನ್ನೇ ಒಪ್ಪಂದದ ಮೇಲೆ ಕೊಡುತ್ತಾರೆ, ರಸೀದಿ ಕೈಗೆ ಸಿಗುತ್ತದೆ. ಇನ್ನೊಂದು, ಮಾಂಗಲ್ಯ, ಧಾರೆ ಸೀರೆ, ಒಡವೆ ಯಾವುದನ್ನೂ ರಾತ್ರಿ ಹೊರಡುವ ಗಾಡಿಗೆ ಉಳಿಸಿಕೊಳ್ಳಬೇಡಿ, ಹಿಂದಿನ ದಿನ ಹೋಗುವವರ ಕೈಯಲ್ಲೇ ಕೊಟ್ಟುಬಿಡಿ.

ಮುಂಗಡ ಕೇಳಿದ್ದಕ್ಕೆ ಮಾಲೀಕ, "ಹಾಸನದವರೆಗೆ ಬಿಟ್ಟಿಲ್ವಾ" ಅಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹಾಕುತ್ತಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಘಟನೆ ನಡೆದ ಎರಡು ವರ್ಷದೊಳಗೆ ಕೊಟ್ಟರಾಯಿತು. ಹಣ ಕಳಿಸಿದ ಸ್ಕ್ರೀನ್‌ಶಾಟ್, ಅವನು ಕಳಿಸಿದ ಹಳದಿ ಬೋರ್ಡಿನ ಆರ್‌ಸಿ, ಬಂದ ಬಿಳಿ ಬೋರ್ಡಿನ ಫೋಟೋ ಮೂರನ್ನೂ ಜೋಡಿಸಿಟ್ಟಿದ್ದೇನೆ. ನಿಮಗೂ ಹೀಗಾದರೆ ಗಾಡಿ ಹತ್ತುವ ಮೊದಲೇ ನಂಬರ್ ಪ್ಲೇಟಿನ ಫೋಟೋ ತೆಗೆದಿಟ್ಟುಕೊಳ್ಳಿ, ಮೆಸೇಜುಗಳನ್ನು ಅಳಿಸಬೇಡಿ.