56 ಡಿಗ್ರಿ, 14 ಬೌನ್ಸ್: ಬೀದರಿನ ಮುರುಮ್ ನೆಲದಲ್ಲಿ ಒಂದು ಸ್ಯಾಂಡ್ ವೆಜ್

ವೆಜ್ ಅಂದರೆ ಗಾಲ್ಫಿನಲ್ಲಿ ಹತ್ತಿರದಿಂದ ಚೆಂಡನ್ನು ಮೇಲಕ್ಕೆ ಎತ್ತಿ ಹೊಡೆಯುವ ಕ್ಲಬ್. ನನ್ನ ಈ ಸ್ಯಾಂಡ್ ವೆಜ್ ಮರಳಿಗೆಂದು ಮಾಡಿದ್ದು. ಇದರ ಬಗ್ಗೆ ವಿಮರ್ಶೆಗಳು ಬೇಕಾದಷ್ಟಿವೆ. ಸ್ಪಿನ್ ಎಷ್ಟು ಬರುತ್ತದೆ, ಕೈಗೆ ಹೇಗೆ ಅನ್ನಿಸುತ್ತದೆ, ಕಪ್ಪು ಬಣ್ಣ ಚೆಂದವೋ ಬೆಳ್ಳಿ ಬಣ್ಣ ಚೆಂದವೋ, ಎಲ್ಲ ಬರೆದಿದ್ದಾರೆ. ಬರೆದವರು ಯಾವ ನೆಲದ ಮೇಲೆ ನಿಂತು ಹೊಡೆದರು ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ. ವೆಜ್ ಕೊಳ್ಳುವವನಿಗೆ ಮೊದಲು ಬೇಕಾದ ಮಾಹಿತಿ ಅದು.

ನಾನು ಬೀದರಿನವನು. ಹಾರ್ಡ್‌ವೇರ್ ಅಂಗಡಿ ಇದೆ. ಮೊದಲು ಕೆಲಸಕ್ಕೆಂದು ಹೈದರಾಬಾದಿನಲ್ಲಿದ್ದೆ. ಅಲ್ಲಿನ ಡ್ರೈವಿಂಗ್ ರೇಂಜಿನಲ್ಲಿ ಗಾಲ್ಫ್ ಹುಚ್ಚು ಹಿಡಿಯಿತು, ಊರಿಗೆ ಬಂದ ಮೇಲೂ ಬಿಡಲಿಲ್ಲ. ಬಿಡುವು ಸಿಕ್ಕ ಭಾನುವಾರ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೈದರಾಬಾದಿಗೆ ಹೋಗಿ ಆಡುತ್ತೇನೆ. ಉಳಿದ ದಿನಗಳಲ್ಲಿ ಊರ ಹೊರಗಿನ ಬಯಲೇ ನನ್ನ ಕೋರ್ಸು.

ಆ ಬಯಲನ್ನು ಸ್ವಲ್ಪ ಹೇಳಬೇಕು. ಬೀದರ್ ಕೂತಿರುವುದೇ ಜಂಬಿಟ್ಟಿಗೆಯ ಮೇಲೆ. ನಮ್ಮ ಕೋಟೆಯ ಮೂರು ಸಾಲಿನ ಕಂದಕವನ್ನು ಕಡಿದದ್ದು ಆ ಕೆಂಪು ಕಲ್ಲಿನಲ್ಲಿ. ನೌಬಾದಿನಲ್ಲಿ ನೆಲದಡಿ ನೀರು ಹರಿಸುವ ಕಾರೇಜ್ ಸುರಂಗ ಕೊರೆದದ್ದೂ ಅದರಲ್ಲೇ. ಬಯಲಿನಲ್ಲಿ ಮೇಲೆ ಎರಡು ಬೆರಳಿನಷ್ಟು ಕೆಂಪು ಮಣ್ಣು, ಕೆಳಗೆಲ್ಲ ಮುರುಮ್, ಅಂದರೆ ಗಟ್ಟಿ ಕೆಂಪು ಗರಸು. ಮಾರ್ಚ್ ಬಂತೆಂದರೆ ಇದ್ದ ಹುಲ್ಲೂ ಒಣಗಿ ಹೋಗುತ್ತದೆ. ಚೆಂಡು ಬರೀ ಗಟ್ಟಿ ನೆಲದ ಮೇಲೆ ಕೂತಿರುತ್ತದೆ. ಅದರ ಕೆಳಗೆ ಕ್ಲಬ್ ತೂರಿಸಲು ಜಾಗವೇ ಇರುವುದಿಲ್ಲ.

ಈ ವೆಜ್‌ನ ತಲೆಯ ಮೇಲೆ 56 ಮತ್ತು 14 ಅಂತ ಎರಡು ಅಂಕಿ ಕೊರೆದಿದ್ದಾರೆ. 56 ಅಂದರೆ ಲಾಫ್ಟ್, ಮುಖ ಎಷ್ಟು ಮೇಲಕ್ಕೆ ವಾಲಿದೆ ಅನ್ನುವ ಲೆಕ್ಕ. ಅದನ್ನು ಎಲ್ಲರೂ ನೋಡುತ್ತಾರೆ. 14 ಅಂದರೆ ಬೌನ್ಸ್. ಕ್ಲಬ್ಬನ್ನು ನೆಟ್ಟಗೆ ನೆಲಕ್ಕಿಟ್ಟರೆ ಮುಂದಿನ ಅಂಚು ನೆಲಕ್ಕೆ ತಾಗುವುದಿಲ್ಲ, ತಳದ ಹಿಂಭಾಗ ತಾಗುತ್ತದೆ. ಆ ತಳ ನೆಲದೊಂದಿಗೆ ಮಾಡುವ ಕೋನವೇ ಬೌನ್ಸ್. ನಾಲ್ಕರಿಂದ ಆರು ಡಿಗ್ರಿ ಇದ್ದರೆ ಕಡಿಮೆ ಅನ್ನುತ್ತಾರೆ, ಹತ್ತು ದಾಟಿದರೆ ಜಾಸ್ತಿ. ಹೊಲದಲ್ಲಿ ಕುಂಟೆ ಹೊಡೆದವರಿಗೆ ಇದು ಬೇಗ ತಿಳಿಯುತ್ತದೆ. ಕುಡದ ಕೋನ ಚೂರು ಬದಲಾದರೂ ಒಂದೋ ಅದು ನೆಲ ಕಚ್ಚುತ್ತದೆ, ಇಲ್ಲ ಮೇಲೆ ಜಾರಿ ಹೋಗುತ್ತದೆ.

ಮೆತ್ತನೆ ಮರಳಿನಲ್ಲಿ, ದಪ್ಪ ಹುಲ್ಲಿನಲ್ಲಿ ಈ ಜಾರುವ ಗುಣವೇ ಬೇಕು. ಅಂಚು ಆಳಕ್ಕೆ ಇಳಿಯದಂತೆ ತಳ ತಡೆಯುತ್ತದೆ. ನಮ್ಮ ಮುರುಮಿನ ಮೇಲೆ ಅದೇ ಗುಣ ಶತ್ರುವಾಗುತ್ತದೆ. ತಳ ನೆಲಕ್ಕೆ ಬಡಿದು ಪುಟಿಯುತ್ತದೆ. ಗಾಲ್ಫ್ ಚೆಂಡಿನ ವ್ಯಾಸ ಕನಿಷ್ಠ 42.67 ಮಿಲಿಮೀಟರ್ ಇರಬೇಕು ಅಂತ ನಿಯಮ. ಅಂದರೆ ಅದರ ನಡು ನೆಲದಿಂದ ಎರಡು ಸೆಂಟಿಮೀಟರ್ ಚಿಲ್ಲರೆ ಮೇಲೆ. ಅಂಚು ಮೊದಲೇ ಸ್ವಲ್ಪ ಎತ್ತರದಲ್ಲಿದೆ, ಪುಟಿದರೆ ನೇರ ಆ ನಡುವಿಗೇ ಹೋಗಿ ಬಡಿಯುತ್ತದೆ. ಇಪ್ಪತ್ತು ಅಡಿ ಮೆಲ್ಲಗೆ ಹಾರಬೇಕಿದ್ದ ಚೆಂಡು ಮೊಣಕಾಲೆತ್ತರದಲ್ಲಿ ಗುಂಡಿನ ಹಾಗೆ ಹೋಗುತ್ತದೆ. ಕೈ ಜುಮ್ಮೆನ್ನುತ್ತದೆ. ಅಪಾಯವೂ ಹೌದು, ಯಾಕೆಂದರೆ ಬಯಲಿನಲ್ಲಿ ದನ ಮೇಯುತ್ತಿರುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ.

ಮಾರಿದ ಅಂಗಡಿಯವರು ಇದರಲ್ಲಿ ಒಂದು ಮಾತನ್ನೂ ಹೇಳಲಿಲ್ಲ. ಸ್ಯಾಂಡ್ ವೆಜ್ ಅಂದರೆ 56, ಎಲ್ಲರೂ ಇದನ್ನೇ ಒಯ್ಯುತ್ತಾರೆ, ಅಷ್ಟೇ. ನೀವು ಎಲ್ಲಿ ಆಡುತ್ತೀರಿ, ನೆಲ ಹೇಗಿದೆ ಅಂತ ಒಂದು ಪ್ರಶ್ನೆ ಕೇಳಬಹುದಿತ್ತು. ಸೆಕೆಂಡ್ ಹ್ಯಾಂಡ್ ಮಾಲಾದರೂ ನನ್ನ ಬಜೆಟ್ಟಿಗೆ ಅದು ಸಣ್ಣ ದುಡ್ಡಲ್ಲ. ಹೊಸದಾದರೆ ಹತ್ತು ಸಾವಿರ ದಾಟುತ್ತದೆ. ಸಿಮೆಂಟ್ ಕೇಳಿ ಬಂದ ಗಿರಾಕಿಗೆ ಪಾಯಕ್ಕೋ ಪ್ಲಾಸ್ಟರಿಗೋ ಅಂತ ನಾನು ಕೇಳದೆ ಕೊಡುವುದಿಲ್ಲ.

ವಿಷಯ ಬಿಡಿಸಿ ಹೇಳಿದ್ದು ಹೈದರಾಬಾದಿನ ಒಬ್ಬ ಕ್ಯಾಡಿ, ಆಡುವವರ ಬ್ಯಾಗ್ ಹೊತ್ತು ಜೊತೆಗೆ ಬರುವವರು. ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಪಕ್ಕದ ಬೋಳು ನೆಲದಿಂದ ನನ್ನ ಚೆಂಡು ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಅಂಗಳ) ದಾಟಿ ಹೋದಾಗ ಅವರು ಕ್ಲಬ್ ಕೈಗೆ ತೆಗೆದುಕೊಂಡು ತಳದ ಮೇಲೆ ಹೆಬ್ಬೆರಳು ಆಡಿಸಿದರು. "ಇಸ್ಕಾ ಪೇಟ್ ಭೋತ್ ಬಡಾ ಹೈ ಸಾಬ್" ಅಂದರು. ಇದರ ಹೊಟ್ಟೆ ದೊಡ್ಡದು, ಗಟ್ಟಿ ನೆಲಕ್ಕೆ ಆಗೋದಿಲ್ಲ, ಮುಖ ಇಷ್ಟು ವಾಲದ ಪಿಚಿಂಗ್ ವೆಜ್‌ನಿಂದ ಉರುಳಿಸಿ ಆಡಿ ಅಂತ. ಆಮೇಲೆ ಬಂಕರ್, ಅಂದರೆ ಮರಳುಗುಂಡಿ, ಬಂದಾಗ ಅವರೇ ಇದೇ ವೆಜ್ ತೆಗೆದು ಕೊಟ್ಟರು. ಮರಳಿಗೆ ಈ ಹೊಟ್ಟೆಯೇ ಬೇಕು ಅಂದರು.

ಅಲ್ಲಿಂದ ನನ್ನ ಸಿಟ್ಟು ಇಳಿಯಿತು. ಬಂಕರಿನಲ್ಲಿ ಇದರ ಆಟವೇ ಬೇರೆ. ಮುಖ ಸ್ವಲ್ಪ ತೆರೆದು, ಚೆಂಡಿನ ಎರಡು ಬೆರಳು ಹಿಂದೆ ಮರಳಿಗೆ ಹೊಡೆದರೆ ಸಾಕು. ಕ್ಲಬ್ ಚೆಂಡನ್ನು ಮುಟ್ಟುವುದೇ ಇಲ್ಲ, ಮರಳೇ ಅದನ್ನು ಎತ್ತಿ ಹೊರಗೆ ಹಾಕುತ್ತದೆ. ದಪ್ಪಗೆ ಧಪ್ ಅನ್ನುವ ಆ ಸದ್ದು ಕೇಳಲೆಂದೇ ನಾನು ಪ್ರಾಕ್ಟೀಸ್ ಬಂಕರಿನಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಹೊಡೆದ ಮೇಲೆ ಕುಂಟೆಯಂಥ ರೇಕ್ ಹಿಡಿದು ಕಾಲ ಗುರುತು ಅಳಿಸಿ ಬರುವುದೂ ನನಗೆ ಇಷ್ಟದ ಕೆಲಸ. ಕ್ಯಾಡಿ ಇದ್ದಾರಲ್ಲ ಅಂತ ರೇಕ್ ಮುಟ್ಟದೆ ಹೋಗುವವರನ್ನು ನೋಡಿದರೆ ಬೇಸರವಾಗುತ್ತದೆ. ಹಿಂದೆ ಬರುವವರಿಗೆ ನೆಲವನ್ನು ಇದ್ದ ಹಾಗೆ ಬಿಟ್ಟು ಹೋಗುವುದು ಆಡುವವನ ಕೆಲಸ, ಕೂಲಿಯವರದಲ್ಲ. ಕಾಲರ್ ಇರುವ ಅಂಗಿ ಹಾಕಬೇಕು ಅನ್ನೋ ಕೋರ್ಸಿನ ನಿಯಮವನ್ನು ತಪ್ಪದೆ ಪಾಲಿಸುವ ಜನ, ಕ್ಯಾಡಿಯನ್ನು ಏಯ್ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಆ ನೆಲದ ಬಗ್ಗೆ ಅವರಿಗೆ ಗೊತ್ತಿರುವಷ್ಟು ಅಲ್ಲಿ ಯಾರಿಗೂ ಗೊತ್ತಿಲ್ಲ.

ಸ್ಯಾಂಡ್ ವೆಜ್ ಹುಟ್ಟಿದ್ದರ ಕಥೆ ಓದಿದ ಮೇಲೆ ಈ ಕ್ಲಬ್ ಮೇಲೆ ಇನ್ನೂ ಪ್ರೀತಿ ಬಂತು. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ಬಂಕರಿನಲ್ಲಿ ಒದ್ದಾಡುತ್ತಿದ್ದರು. ಆಗಿನ ನಿಬ್ಲಿಕ್ ಕ್ಲಬ್ಬಿನ ಅಂಚು ತೆಳು, ಮರಳಿನೊಳಗೆ ಹೂತು ಹೋಗುತ್ತಿತ್ತು. ವಿಮಾನ ಮೇಲೇರುವಾಗ ಬಾಲ ಕೆಳಗಿಳಿದು ಮೂತಿ ಮೇಲೇಳುವುದನ್ನು ಕಂಡು ಅವರಿಗೆ ಹೊಳೆಯಿತಂತೆ, ಕ್ಲಬ್ಬಿನ ಹಿಂಭಾಗವೂ ಹೀಗೆ ಕೆಳಗಿರಬೇಕು ಅಂತ. ನಿಬ್ಲಿಕ್ಕಿನ ತಳಕ್ಕೆ ಬೆಸುಗೆ ಹಾಕಿ ಹಾಕಿ ದಪ್ಪ ಮಾಡಿದರು. ಅದನ್ನು ಹಿಡಿದೇ 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಕೋರ್ಸಿನಲ್ಲಿ ಬ್ರಿಟಿಷ್ ಓಪನ್ ಗೆದ್ದರು. ಬೀದರಿನವರಿಗೆ ವಿಮಾನದ ಮೂತಿ, ಬಾಲ ಹೊಸದಲ್ಲ. ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ನೆಲೆಯೇ ನಮ್ಮೂರಿನ ವಾಯುಪಡೆ ಸ್ಟೇಷನ್. ಬಯಲಿನಲ್ಲಿ ನಿಂತಾಗ ತಲೆಯ ಮೇಲೆ ಹಾಕ್ ವಿಮಾನ ಹೋದರೆ ನಾನು ಈಗ ಮೊದಲು ನೋಡುವುದು ಬಾಲವನ್ನೇ.

ಬೆಸುಗೆ ಹಾಕಿ ತಳ ಬೆಳೆಸಬಹುದಾದರೆ ಉಜ್ಜಿ ಇಳಿಸಲೂಬಹುದು, ಅಲ್ವಾ? ನನ್ನ ಅಂಗಡಿಯ ಪಕ್ಕದಲ್ಲೇ ಕಾಕಾ ಅವರ ವೆಲ್ಡಿಂಗ್ ಶಾಪ್ ಇದೆ. ವೆಜ್ ತೆಗೆದುಕೊಂಡು ಹೋದೆ.

"ಇಷ್ಟ್ ಚಂದ ಅದ, ಯಾಕ ತಿಕ್ಕಸ್ತಿ ತಮ್ಮಾ?" ಅಂದರು.

"ತಳ ನೆಲಕ್ಕ ಬಡದು ಪುಟೀಲಿಕತ್ತದ ಕಾಕಾ. ಹಿಂದಿನ ಕಡೆ ಅಷ್ಟೇ ತೆಗೀರಿ, ಮುಂದಿನ ಅಂಚು ಮುಟ್ಟಬ್ಯಾಡ್ರಿ" ಅಂದೆ.

ಕಾಕಾ ಬೆಂಚ್ ಗ್ರೈಂಡರಿಗೆ ಸಣ್ಣ ಕಲ್ಲು ಹಾಕಿದರು. ಮಾರ್ಕರಿನಿಂದ ತಳದ ಮೇಲೆ ಗೆರೆ ಎಳೆದುಕೊಂಡೆವು. ಒಂದೆರಡು ಸೆಕೆಂಡ್ ತಾಗಿಸುವುದು, ನೀರಿನಲ್ಲಿ ಅದ್ದುವುದು, ಬೆರಳಾಡಿಸಿ ನೋಡುವುದು. ಉಕ್ಕು ಕಾದು ನೀಲಿ ಆಗಬಾರದು ಅಂತ ಅವರೇ ಎಚ್ಚರ ವಹಿಸಿದರು. ತಳದ ಹಿಂದಿನ ಅಂಚನ್ನೂ ಹಿಮ್ಮಡಿ ಕಡೆಯ, ಅಂದರೆ ಹಿಡಿಕೋಲು ತಲೆಗೆ ಸೇರುವ ಕಡೆಯ, ಮೂಲೆಯನ್ನೂ ಇಳಿಸಿದೆವು. ಕೊನೆಗೆ ಅರ, ಆಮೇಲೆ ಎಮರಿ ಪೇಪರ್. ಹೀಗೆ ಮಾಡಿದರೆ ಮುಖ ತೆರೆದು ಇಟ್ಟಾಗ ಮುಂದಿನ ಅಂಚು ನೆಲಕ್ಕೆ ಹತ್ತಿರ ಬರುತ್ತದೆ. ಮುಖ ನೆಟ್ಟಗಿದ್ದರೆ ಬೌನ್ಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ, ಹಾಗಾಗಿ ಮರಳಿಗೂ ಮೋಸವಿಲ್ಲ. ನಿಯಮದ ಪ್ರಕಾರ ಆಟದ ನಡುವೆ ಕ್ಲಬ್ಬಿನ ರೂಪ ಬದಲಾಯಿಸುವ ಹಾಗಿಲ್ಲ, ಮನೆಯಲ್ಲಿ ತಳ ಉಜ್ಜಿಕೊಳ್ಳಲು ಅಡ್ಡಿ ಇಲ್ಲ. ಮುಖದ ಗೆರೆಗಳನ್ನು ಮಾತ್ರ ಕೆಣಕಬಾರದು. ತಲೆ ಸ್ವಲ್ಪ ಹಗುರವಾಯಿತು. ಹಿಂದೆ ಒಂದು ತುಂಡು ಸೀಸದ ಟೇಪ್ ಅಂಟಿಸಿದೆ, ಸರಿಹೋಯಿತು.

ಈಗಿನ ದಿನಚರಿ ಹೇಳುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ಬಯಲಿಗೆ ಹೋಗುತ್ತೇನೆ. ಹುಡುಗರು ಸ್ಟಂಪ್ ನೆಡುವುದರೊಳಗೆ ಮುಗಿಸಬೇಕು. ಹಳೇ ಬಣ್ಣದ ಡಬ್ಬಿಯಲ್ಲಿ ಚೆಂಡುಗಳಿರುತ್ತವೆ. ಖಾಲಿ ಸಿಮೆಂಟ್ ಚೀಲ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟರೆ ಅದೇ ಗ್ರೀನ್. ಮೊದಲು ಪಿಚಿಂಗ್ ವೆಜ್‌ನಿಂದ ಉರುಳಿಸುವ ಚಿಪ್, ಅಂದರೆ ತಗ್ಗಿನ ಸಣ್ಣ ಹೊಡೆತ. ಆಮೇಲೆ ಈ ವೆಜ್ ಹಿಡಿದು, ಶಾಫ್ಟನ್ನು (ಕ್ಲಬ್ಬಿನ ಹಿಡಿಕೋಲು) ಗುರಿಯ ಕಡೆ ಸ್ವಲ್ಪ ವಾಲಿಸಿ ಹೊಡೆಯುವುದು. ಐದು ಡಿಗ್ರಿ ವಾಲಿಸಿದರೆ ಬೌನ್ಸ್ 14ರಿಂದ 9ಕ್ಕೆ ಇಳಿಯುತ್ತದೆ, ಲಾಫ್ಟ್ ಕೂಡ 51ಕ್ಕೆ ಬರುತ್ತದೆ. ಚೆಂಡು ತಗ್ಗಾಗಿ ಹೋಗಿ ಒಂದು ಪುಟಿತ ಪುಟಿದು ಉರುಳುತ್ತದೆ. ಕೊನೆಗೆ ಮುಖ ತೆರೆದು ಎತ್ತರದ ಹೊಡೆತ. ಗ್ರೈಂಡ್ ಆದ ಮೇಲೆ ಅದು ಮುರುಮಿನ ಮೇಲೂ ಬರುತ್ತಿದೆ. ಹತ್ತಿರ ಯಾರಾದರೂ ಹಾದು ಹೋದರೆ ನಿಲ್ಲಿಸುತ್ತೇನೆ. ಎದ್ದ ಹೆಂಟೆಯನ್ನು ಕಾಲಿಂದ ಒತ್ತಿ ಕೂರಿಸಿ ಬರುತ್ತೇನೆ. ಕೋರ್ಸ್ ಅಲ್ಲದಿದ್ದರೂ ಅದು ಆಡುವ ನೆಲವೇ.

ಮನೆಗೆ ಬಂದ ಮೇಲೆ ಹಳೇ ಟೂತ್‌ಬ್ರಷ್ಷಿನಿಂದ ಗೆರೆಗಳೊಳಗಿನ ಕೆಂಪು ಮಣ್ಣು ತೆಗೆಯುತ್ತೇನೆ. ಗೆರೆ ತುಂಬಿದರೆ ಚೆಂಡಿಗೆ ತಿರುಗು ಸಿಗುವುದಿಲ್ಲ. ಕ್ರೋಮ್ ಹೋದ ಕಡೆ ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಒರೆಸುತ್ತೇನೆ. ತಳದ ತುಕ್ಕಿನಿಂದ ಆಟಕ್ಕೆ ಏನೂ ತೊಂದರೆ ಇಲ್ಲ, ಆದರೆ ನನಗೆ ಹೊಳೆಯುವ ಉಕ್ಕು ನೋಡಲು ಇಷ್ಟ. ಈ ಕೆಲಸ ಮುಗಿಯದೆ ಚಹಾ ಕುಡಿಯುವುದಿಲ್ಲ.

ಮಳೆಗಾಲದ ಮಾತು ಬೇರೆ. ಆಗಸ್ಟ್ ಹೊತ್ತಿಗೆ ಬಯಲು ಹಸಿರಾಗಿ ನೆಲ ಮೆತ್ತಗಾಗುತ್ತದೆ. ಆಗ 14 ಬೌನ್ಸ್ ಹಿಡಿದವನೇ ರಾಜ. ಕಲಬುರಗಿಯಲ್ಲಿರುವ ನನ್ನ ಗೆಳೆಯನಿಗೆ ಮಾತ್ರ ಆಗ ಕಷ್ಟ. ಅಲ್ಲಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗಿರುತ್ತದೆ, ಮಳೆ ಬಿದ್ದರೆ ಕ್ಲಬ್ಬಿನ ತಲೆಗೆ ಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ. ಅವನು ಚಾಪೆ ಹಾಸಿಯೇ ಹೊಡೆಯುತ್ತಾನೆ. ಚಾಪೆಯ ಮೇಲೆ ಎಲ್ಲ ವೆಜ್ಜೂ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನೋಡಿ ಕೊಳ್ಳಬೇಡಿ.

ನೀರುಂಡ ಹಸಿರು ಇಲ್ಲದ ಊರಿನಲ್ಲಿ ಗಾಲ್ಫ್ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮ ದೇಶದ ಹಲವು ಹಳೇ ಕೋರ್ಸುಗಳಲ್ಲಿ ಗ್ರೀನ್ ಬದಲು ಬ್ರೌನ್ ಇತ್ತು, ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಅಂಗಳ. ಅದರ ಮೇಲೇ ಜನ ಪಟ್ ಮಾಡುತ್ತಿದ್ದರು, ಅಂದರೆ ಚೆಂಡನ್ನು ಗುಳಿಗೆ ಉರುಳಿಸುತ್ತಿದ್ದರು. ಒಣ ನೆಲಕ್ಕೆ ಒಗ್ಗಿಕೊಳ್ಳುವ ದಾರಿ ಈ ಆಟಕ್ಕೆ ಮೊದಲಿನಿಂದ ಗೊತ್ತು. ದೂರ ಹೊಡೆಯುವುದೇ ಗಾಲ್ಫ್ ಅನ್ನುವವರಿಗೆ ನಾನು ಅದಿತಿ ಅಶೋಕ್ ಹೆಸರು ಹೇಳುತ್ತೇನೆ. ಬೆಂಗಳೂರಿನ ಈ ಹುಡುಗಿ ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರ ಆಗಸ್ಟಿನಲ್ಲಿ, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಕ್ಯಾಡಿಯಾಗಿ ಬ್ಯಾಗ್ ಹೊತ್ತವರು ಅವರ ತಾಯಿ. ಡ್ರೈವ್, ಅಂದರೆ ಮೊದಲ ಉದ್ದ ಹೊಡೆತದ ದೂರದಲ್ಲಿ ಹೆಚ್ಚಿನವರಿಗಿಂತ ಹಿಂದಿದ್ದರೂ ಗ್ರೀನ್ ಮೇಲಿನ ಮತ್ತು ಸುತ್ತಲಿನ ಆಟದಿಂದ ಅವರು ಅಲ್ಲಿಯವರೆಗೆ ಹೋದರು. ಆ ಶನಿವಾರ ಅಂಗಡಿಗೆ ಬಂದ ಗಿರಾಕಿಗಳೂ ಬರ್ಡಿ ಅಂದರೇನು ಅಂತ ಕೇಳಿದ್ದರು. ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಚೆಂಡನ್ನು ಗುಳಿಗೆ ಹಾಕುವುದು ಅಂತ ನಾನು ಸಂತೋಷದಿಂದ ಹೇಳಿದ್ದೆ.

ಯಾರು ಕೊಳ್ಳಬಹುದು? ಹೈದರಾಬಾದ್, ಬೆಂಗಳೂರಿನ ನೀರುಂಡ ಕೋರ್ಸಿನಲ್ಲೇ ಆಡುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಬಂಕರಿನಲ್ಲಿ ಇದು ಬಂಗಾರ. ನಮ್ಮ ಬೀದರ್, ಹುಮನಾಬಾದ್ ಕಡೆಯ ನೆಲದಲ್ಲಿ ಕಲಿಯುವವರು ಆರೆಂಟು ಡಿಗ್ರಿ ಬೌನ್ಸ್ ಇರುವುದನ್ನು ಹುಡುಕಿ. ಸಿಗದಿದ್ದರೆ ಸದ್ಯಕ್ಕೆ ಸೆಟ್ ಜೊತೆ ಬಂದ ಪಿಚಿಂಗ್ ವೆಜ್ ಸಾಕು, ದುಡ್ಡು ಉಳಿಸಿ. ಗ್ರೈಂಡ್ ಮಾಡಿಸುವುದಾದರೆ ಸೆಕೆಂಡ್ ಹ್ಯಾಂಡ್ ಮಾಲಿನ ಮೇಲೆ ಮಾಡಿಸಿ, ಪಕ್ಕದಲ್ಲೇ ನಿಂತು ಮಾಡಿಸಿ. ಒಮ್ಮೆ ಹೋದ ಉಕ್ಕು ಮತ್ತೆ ಬರುವುದಿಲ್ಲ.

ಇನ್ನು ಗ್ರಿಪ್, ಅಂದರೆ ಕೈಯಲ್ಲಿ ಹಿಡಿಯುವ ರಬ್ಬರ್ ಭಾಗ. ನಮ್ಮ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಜಾರುತ್ತದೆ. ಪಾತ್ರೆ ತೊಳೆಯುವ ಸೋಪು, ಬೆಚ್ಚನೆ ನೀರು ಹಾಕಿ ತಿಕ್ಕಿದರೆ ಸ್ವಲ್ಪ ದಿನ ಹಿಡಿತ ಮರಳುತ್ತದೆ. ಬ್ಯಾಗನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ನನ್ನ ಗ್ರಿಪ್ ಈ ಬೇಸಿಗೆಗೆ ಪೂರ್ತಿ ಸವೆದಿದೆ. ಹೊಸ ಗ್ರಿಪ್ ತರಿಸಿದ್ದೇನೆ, ಎರಡು ಬದಿ ಅಂಟುವ ಟೇಪು ಮತ್ತು ಟರ್ಪೆಂಟೈನ್ ಅಂಗಡಿಯಲ್ಲೇ ಇದೆ. ಈ ಭಾನುವಾರ ಹಾಕುತ್ತೇನೆ.