ಗಾಲ್ಫ್ ಕಲಿಯೋಕೆ ವಾರಕ್ಕೆರಡು ಕ್ಲಾಸಾ, ವಾರಕ್ಕೊಂದಾ, ಹದಿನೈದು ದಿನಕ್ಕೊಂದಾ?

ಹೊಸದಾಗಿ ಗಾಲ್ಫ್ ಶುರು ಮಾಡುವವರು ಮೊದಲು ಕೇಳೋದು ಯಾವ ಕ್ಲಬ್ (ಬಾಲ್ ಹೊಡೆಯುವ ಕೋಲು) ಸೆಟ್ ತಗೋಬೇಕು ಅಂತ. ಸೆಟ್ ಆಮೇಲೆ ನೋಡಿಕೊಳ್ಳಬಹುದು, ಮೊದಲ ಕೆಲವು ತಿಂಗಳಿಗೆ ಮಧ್ಯಮ ದೂರಕ್ಕೆ ಒಂದು ಸೆವೆನ್ ಐರನ್, ಹತ್ತಿರದ ಹೊಡೆತಕ್ಕೆ ಒಂದು ವೆಜ್, ಬಾಲನ್ನು ಕುಳಿಗೆ ಉರುಳಿಸೋಕೆ ಒಂದು ಪಟರ್ ಸಾಕು. ಕೋಚ್ ಹತ್ತಿರ ಎಷ್ಟು ದಿನಕ್ಕೊಮ್ಮೆ ಹೋಗಬೇಕು ಅನ್ನೋದನ್ನು ಮಾತ್ರ ಮೊದಲೇ ಯೋಚಿಸಬೇಕು. ದುಡ್ಡು ಹೋಗೋದೂ ಅಲ್ಲೇ, ಆಟ ಕೂರೋದೂ ಅಲ್ಲೇ.

ನಾನು ಕಲಿತಿದ್ದು ಬೆಂಗಳೂರಿನಲ್ಲಿ. ವಾರಕ್ಕೆರಡು, ವಾರಕ್ಕೊಂದು, ಹದಿನೈದು ದಿನಕ್ಕೊಂದು, ತಿಂಗಳಿಗೊಂದು, ಈ ನಾಲ್ಕನ್ನೂ ಬೇರೆ ಬೇರೆ ಸಮಯದಲ್ಲಿ ಮಾಡಿ ನೋಡಿದ್ದೇನೆ. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ಮೊದಲ ಒಂದೂವರೆ ತಿಂಗಳು ವಾರಕ್ಕೊಂದು, ಆಮೇಲೆ ಹದಿನೈದು ದಿನಕ್ಕೊಂದು. ಒಂದು ಷರತ್ತಿದೆ. ಒಂದು ಕ್ಲಾಸಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ಎರಡು ಸಲ ನೀವೊಬ್ಬರೇ ರೇಂಜಿಗೆ (ಅಭ್ಯಾಸದ ಜಾಗಕ್ಕೆ) ಹೋಗಿ ಬಾಲ್ ಹೊಡೆದಿರಬೇಕು. ಅದು ಆಗಿಲ್ಲ ಅಂದರೆ ಕ್ಲಾಸನ್ನೇ ಮುಂದಕ್ಕೆ ಹಾಕಿ.

ವಾರಕ್ಕೆರಡು ಕ್ಲಾಸ್ ಕೇಳೋಕೆ ಚೆನ್ನಾಗಿರುತ್ತದೆ. ಬೇಗ ಕಲಿತು ಬೇಗ ಕೋರ್ಸಿಗೆ (ಆಡುವ ಮೈದಾನಕ್ಕೆ) ಇಳಿಯೋಣ ಅನ್ನೋ ಉತ್ಸಾಹ ಎಲ್ಲರಿಗೂ ಇರುತ್ತದೆ ಅಲ್ವಾ. ತೊಂದರೆ ಎಲ್ಲಿ ಅಂತ ತಿಳಿಯೋಕೆ ಎಡಗೈ ಹಿಡಿತ ಒಂದನ್ನೇ ನೋಡಿ. ಬಲಗೈಯಲ್ಲಿ ಆಡುವ ಹೊಸಬರಲ್ಲಿ ತುಂಬಾ ಜನರ ಬಾಲ್ ಹಾರಿ ಬಲಕ್ಕೆ ತಿರುಗಿಕೊಂಡು ಹೋಗುತ್ತದೆ, ಅದೇ ಸ್ಲೈಸ್. ಬಾಲ್ ತಾಗುವ ಹೊತ್ತಿಗೆ ಕ್ಲಬ್ ಬೀಸಿ ಬರುವ ದಾರಿಗಿಂತ ಅದರ ಮುಖ (ಬಾಲಿಗೆ ತಾಗುವ ಭಾಗ) ಬಲಕ್ಕೆ ತೆರೆದುಕೊಂಡಿರುತ್ತದೆ. ಅದಕ್ಕೆ ಕೋಚ್ ಎಡಗೈಯನ್ನು ಗ್ರಿಪ್ ಮೇಲೆ ಸ್ವಲ್ಪ ಬಲಕ್ಕೆ ಹೊರಳಿಸಿ ಹಿಡಿಸುತ್ತಾರೆ. ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು, ಹೆಬ್ಬೆರಳು ಶಾಫ್ಟಿನ (ಕ್ಲಬ್ಬಿನ ಉದ್ದ ದಂಡದ) ನಡುಮಧ್ಯದಲ್ಲಿ ಕೂರದೆ ಒಂದು ಚೂರು ಬಲಕ್ಕೆ ಇರಬೇಕು. ಹೇಳೋಕೆ ಅರ್ಧ ನಿಮಿಷ ಸಾಕು. ಕೈ ಮಾತ್ರ ಒಪ್ಪೋದಿಲ್ಲ. ಬೇರೆ ಯಾರದೋ ಕೈಯಲ್ಲಿ ಹಿಡಿದಿದ್ದೀನಿ ಅನ್ನಿಸುತ್ತದೆ, ನಾಲ್ಕು ಬಾಲ್ ಹೊಡೆಯೋದರೊಳಗೆ ಬೆರಳು ತಾನಾಗಿ ಹಳೆ ಜಾಗಕ್ಕೆ ಜಾರಿರುತ್ತದೆ, ಮತ್ತೆ ಬಿಡಿಸಿ ಹಿಡಿಯಬೇಕು, ಹೀಗೆ ಬೇರೆ ಬೇರೆ ದಿನ ಎರಡು ಮೂರು ಬಕೆಟ್ ಬಾಲ್ ಮುಗಿದ ಮೇಲೆ ಯೋಚನೆ ಮಾಡದೆ ಹಿಡಿತ ಸರಿಯಾಗಿ ಕೂರೋಕೆ ಶುರುವಾಗುತ್ತದೆ. ಮಂಗಳವಾರ ಇದನ್ನು ಹೇಳಿಸಿಕೊಂಡು ಶುಕ್ರವಾರವೇ ಬ್ಯಾಕ್‌ಸ್ವಿಂಗ್ (ಕ್ಲಬ್ ಹಿಂದಕ್ಕೆ ಎತ್ತುವ) ಪಾಠಕ್ಕೆ ನಿಂತರೆ ತಲೆಯಲ್ಲಿ ಎರಡು ವಿಷಯ, ಕೈಯಲ್ಲಿ ಒಂದೂ ಇಲ್ಲ.

ಇನ್ನೊಂದು ಸಮಸ್ಯೆಯೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಕೋಚ್ ಪಕ್ಕದಲ್ಲಿ ನಿಂತು ಪ್ರತಿ ಹೊಡೆತಕ್ಕೂ ಏನಾದರೂ ಹೇಳುತ್ತಿದ್ದರೆ ಬಾಲ್ ಚೆನ್ನಾಗಿಯೇ ಹೋಗುತ್ತದೆ. ಒಬ್ಬರೇ ಹೋದ ದಿನ ಯಾಕೆ ಕೆಡುತ್ತಿದೆ ಅಂತ ಗೊತ್ತಾಗೋದಿಲ್ಲ, ಯಾಕಂದರೆ ಗಮನಿಸುವ ಕೆಲಸವನ್ನು ಅಷ್ಟು ದಿನ ಬೇರೆಯವರು ಮಾಡಿದ್ದರು. ದೇಹ ಕೌಶಲ ಕಲಿಯುವ ಬಗ್ಗೆ ಅಧ್ಯಯನ ಮಾಡುವವರು 1980ರ ದಶಕದಿಂದಲೂ ಈ ಮಾತು ಹೇಳುತ್ತಿದ್ದಾರೆ. ಪ್ರತಿ ಪ್ರಯತ್ನಕ್ಕೂ ತಿದ್ದಿದರೆ ಆ ಹೊತ್ತಿಗೆ ಸುಧಾರಣೆ ಕಾಣುತ್ತದೆ, ತಿದ್ದುವವರು ಇಲ್ಲದಾಗ ಉಳಿಯೋದು ಕಮ್ಮಿ.

ವಾರಕ್ಕೊಂದು ಕ್ಲಾಸ್ ಶುರುವಿಗೆ ಹೇಳಿ ಮಾಡಿಸಿದ್ದು. ಗ್ರಿಪ್, ನಿಲುವು, ಗುರಿಯ ಕಡೆ ಭುಜ ಮತ್ತು ಪಾದ ಹೇಗಿರಬೇಕು, ಬಾಲ್ ಎಲ್ಲಿಡಬೇಕು, ಇವೆಲ್ಲ ಕ್ಲಬ್ ಬೀಸುವ ಮುಂಚಿನ ವಿಷಯಗಳು. ಇಲ್ಲಿ ತಪ್ಪಿದ್ದು ನಿಮಗೆ ಕಾಣೋದೇ ಇಲ್ಲ. ಅದರಲ್ಲೂ ರೇಂಜಿನ ಮ್ಯಾಟ್ ತುಂಬಾ ಮುಚ್ಚಿಡುತ್ತದೆ. ಬಾಲಿಗಿಂತ ಎರಡು ಇಂಚು ಹಿಂದೆ ಹೊಡೆದರೂ ಕ್ಲಬ್ ಮ್ಯಾಟ್ ಮೇಲೆ ಜಾರಿಕೊಂಡು ಬಾಲಿಗೆ ತಾಗುತ್ತದೆ, ಬಾಲ್ ಹಾರುತ್ತದೆ, ನೀವು ಖುಷಿಯಾಗುತ್ತೀರಿ. ಅದೇ ಹೊಡೆತ ಹುಲ್ಲಿನ ಮೇಲೆ ಹೊಡೆದರೆ ಮಣ್ಣು ಕಿತ್ತು ಬಾಲ್ ಹತ್ತಡಿ ಉರುಳುತ್ತದೆ. ಅನುಭವ ಇರುವ ಕೋಚ್ ಮ್ಯಾಟಿಗೆ ತಾಗಿದ ಸದ್ದಿನಲ್ಲೇ ಇದನ್ನು ಹಿಡಿಯುತ್ತಾರೆ. ಹಾಗಾಗಿ ಮೊದಮೊದಲು ಏಳು ದಿನಕ್ಕಿಂತ ಜಾಸ್ತಿ ಅಂತರ ಬೇಡ.

ಬುನಾದಿ ಕೂತ ಮೇಲೆ ಹದಿನೈದು ದಿನಕ್ಕೊಂದು ಮಾಡಿಕೊಂಡೆ. ನನ್ನ ಆಟ ನಿಜವಾಗಿ ಮುಂದೆ ಹೋಗಿದ್ದು ಆಗ. ಒಂದು ಕ್ಲಾಸಿಗೆ ಒಂದೇ ತಿದ್ದುಪಡಿ ಅಂತ ಕೋಚ್ ಹತ್ತಿರ ಮಾತಾಡಿಕೊಂಡಿದ್ದೆ. ಮನೆಗೆ ಹೊರಡುವ ಮುಂಚೆ ಅದನ್ನು ಮಾಡಿ ತೋರಿಸಿ, ಫೋನಿನಲ್ಲಿ ಎರಡು ಸಲ ರೆಕಾರ್ಡ್ ಮಾಡಿಸಿಕೊಳ್ಳುತ್ತಿದ್ದೆ, ಒಂದು ಎದುರಿನಿಂದ, ಇನ್ನೊಂದು ಗುರಿಯ ನೇರಕ್ಕೆ ಹಿಂದಿನಿಂದ. ಒಬ್ಬನೇ ಹೋದಾಗ ಅದೇ ಎರಡು ಕೋನದಲ್ಲಿ ಮತ್ತೆ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಮುಂದಿನ ಕ್ಲಾಸಿಗೆ ಹೋಗುವಾಗ ಕೇಳೋಕೆ ಪ್ರಶ್ನೆ ಇರುತ್ತಿತ್ತು. ಈ ಅಂತರದಲ್ಲಿ ಇನ್ನೊಂದು ಲಾಭವೂ ಇದೆ, ಉಳಿದ ದುಡ್ಡನ್ನು ಬಾಲಿಗೆ ಮತ್ತು ಪಟಿಂಗ್ ಗ್ರೀನಿಗೆ ಹಾಕಬಹುದು. ಪಾರ್ 72 ಕೋರ್ಸ್ ಅಂದರೆ 18 ಹೋಲನ್ನು (ಕುಳಿ) 72 ಹೊಡೆತದಲ್ಲಿ ಮುಗಿಸುವ ಲೆಕ್ಕ, ಅದರಲ್ಲಿ ಒಂದೊಂದು ಹೋಲಿಗೂ ಎರಡು ಪಟ್ ಅಂತ ಇರುತ್ತದೆ, ಅಂದರೆ 36 ಹೊಡೆತ, ಸರಿಯಾಗಿ ಅರ್ಧ. ಹೊಸಬರು ಕೈ ಬೊಬ್ಬೆ ಬರುವ ತನಕ ಡ್ರೈವರ್ (ದೂರ ಹೊಡೆಯುವ ಕ್ಲಬ್) ಬೀಸುತ್ತಾರೆ, ಪಟರ್ ಬ್ಯಾಗಿನಿಂದ ಆಚೆ ಬರೋದೇ ಇಲ್ಲ. ದಯವಿಟ್ಟು ಮೂರರಲ್ಲಿ ಒಂದು ಕ್ಲಾಸನ್ನಾದರೂ ಚಿಪ್ಪಿಂಗ್ (ಗ್ರೀನ್ ಹತ್ತಿರದ ಚಿಕ್ಕ ಹೊಡೆತ), ಪಟಿಂಗಿಗೆ ಅಂತ ಕೇಳಿ ತಗೊಳ್ಳಿ.

ತಿಂಗಳಿಗೊಂದು ಕ್ಲಾಸ್ ಆಗಲೇ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕ) ಇರುವವರಿಗೆ ಸರಿ. ಹೊಸಬರಿಗೆ ಬೇಡ. ಒಂದು ತಪ್ಪನ್ನು ನಾಲ್ಕು ವಾರ ಶ್ರದ್ಧೆಯಿಂದ ಅಭ್ಯಾಸ ಮಾಡಿದರೆ ಅದನ್ನು ಬಿಡಿಸೋಕೆ ಮುಂದಿನ ಕ್ಲಾಸ್ ಪೂರ್ತಿ ಬೇಕು. ಕೆಲವು ಕೋಚ್‌ಗಳು ನಡುವೆ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದರೆ ನೋಡಿ ಹೇಳುತ್ತಾರೆ. ಹಾಗಿದ್ದರೆ ಬಜೆಟ್ ಕಮ್ಮಿ ಇರುವವರು ಇದನ್ನೂ ಯೋಚಿಸಬಹುದು.

ಮಕ್ಕಳ ಲೆಕ್ಕವೇ ಬೇರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಐದನೇ ವಯಸ್ಸಿಗೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳದಲ್ಲಿ ಕ್ಲಬ್ ಹಿಡಿದವರು. ಆ ವಯಸ್ಸಿನವರಿಗೆ ಕ್ಲಾಸ್ ಅಂದರೂ ಆಟವೇ, ವಾರಕ್ಕೆರಡು ಆದರೂ ಭಾರ ಅನ್ನಿಸೋದಿಲ್ಲ. ಆಫೀಸು, ಟ್ರಾಫಿಕ್ಕು, ಬೆನ್ನುನೋವು ಎಲ್ಲ ಇಟ್ಟುಕೊಂಡು ಕಲಿಯುವ ನಮ್ಮಂಥವರಿಗೆ ಹಾಗಲ್ಲ.

ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ಕೇಳಿಕೊಳ್ಳಿ. ಹತ್ತು ಕ್ಲಾಸಿನ ಪ್ಯಾಕೇಜ್ ಬಿಡಿ ಬಿಡಿ ಕ್ಲಾಸಿಗಿಂತ ಅಗ್ಗ, ನಿಜ. ಆದರೆ ಎರಡೇ ತಿಂಗಳಲ್ಲಿ ಮುಗಿಸಬೇಕು ಅನ್ನೋ ನಿಯಮ ಇದ್ದರೆ ಅಂತರ ನಿರ್ಧರಿಸೋದು ನೀವಲ್ಲ, ಆ ರಸೀದಿ. ಐದು ತಿಂಗಳಾದರೂ ವ್ಯಾಲಿಡಿಟಿ ಕೊಡಿ ಅಂತ ಕೇಳಿ. ಬೆಂಗಳೂರಿನಲ್ಲಾದರೆ ಸಂಜೆ ಮಳೆಗೆ ತಪ್ಪಿದ ಕ್ಲಾಸ್ ಲೆಕ್ಕಕ್ಕೆ ಬರುತ್ತದಾ ಅಂತಲೂ ಕೇಳಿ. ಒಪ್ಪದಿದ್ದರೆ ನಾಲ್ಕು ಕ್ಲಾಸಿಗೆ ಮಾತ್ರ ದುಡ್ಡು ಕಟ್ಟಿ.