ಆಯೋಗಕ್ಕೆ ಇನ್ನೊಂದು ವರ್ಷವೋ, ಊರ ಮುಂದಿನ ಅಹವಾಲು ಸಭೆಯೋ?

ಮುಂಡರಗಿ ಕಡೆಯ ಗೆಳೆಯರೊಬ್ಬರು ಕೇಳಿದರು: ಗಣಿಗಾರಿಕೆಗೆ ಸಲಹೆ ಕೊಡುವ ಆಯೋಗದ ಅವಧಿ ವಿಸ್ತರಿಸಿ ಅಂತ ಪಂಚಾಯಿತಿಯಿಂದ ಅರ್ಜಿ ಹಾಕೋಣವೋ, ಸಾರ್ವಜನಿಕ ಅಹವಾಲು ಸಭೆಗೆ ತಯಾರಾಗೋಣವೋ?

ಆಯೋಗದ ಬಲ ಅಧ್ಯಯನದಲ್ಲಿದೆ. ನೀರು, ಕಾಡು, ಅದಿರು ಎಲ್ಲವನ್ನೂ ಒಟ್ಟಿಗೆ ನೋಡಬಹುದು. ಆದರೆ ಸಲಹೆ ಸಲಹೆಯೇ, ಸರ್ಕಾರ ಒಪ್ಪಲೇಬೇಕೆಂದಿಲ್ಲ. ಅಕ್ರಮ ಗಣಿಗಾರಿಕೆ ತನಿಖೆಗೆ 2010ರಲ್ಲಿ ನೇಮಕವಾದ ನ್ಯಾಯಮೂರ್ತಿ ಎಂ.ಬಿ. ಷಾ ಆಯೋಗಕ್ಕೂ ವಿಸ್ತರಣೆ ಸಿಕ್ಕಿತ್ತು, 2013ರ ಅಕ್ಟೋಬರಿಗೆ ಅವಧಿ ಮುಗಿಯಿತು. ವಿಸ್ತರಣೆ ಸಿಕ್ಕರೂ ಅವಧಿ ಒಂದು ದಿನ ಮುಗಿಯುತ್ತದೆ, ಹಾಗಾಗಿ ಅರ್ಜಿಯಲ್ಲಿ ಸುಮ್ನೆ 'ಒಂದು ವರ್ಷ' ಅನ್ನಬೇಡಿ. ಯಾವ ಕೆಲಸ ಬಾಕಿ, ಮಧ್ಯಂತರ ವರದಿ ಯಾವಾಗ ಅಂತ ಬರೆಸಿ.

ಅಹವಾಲು ಸಭೆಯ ದಾರಿಯೇ ಬೇರೆ. ಗಣಿಗೆ ಪರಿಸರ ಅನುಮತಿ ಕೊಡುವ ಮೊದಲು ಊರಿನವರ ಮಾತು ಕೇಳುವ ಸಭೆ ಇದು. 2006ರ ಪರಿಸರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲೇ ನೋಟಿಸ್ ಬರಬೇಕು. ಯೋಜನೆಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆಗೆ ಕೂರುತ್ತಾರೆ. ಕೋರಂ ಇಲ್ಲ, ಹತ್ತೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ! ಕೊನೆಗೆ ನಡಾವಳಿಯನ್ನು ಕನ್ನಡದಲ್ಲೇ ಓದಿ ಹೇಳಬೇಕು. ಆಗ ಊಟದ ಹೊತ್ತಾಯಿತು ಅಂತ ಎದ್ದು ಹೋಗಬೇಡಿ. 'ದೂಳಿನ ಬಗ್ಗೆ ಆತಂಕ' ಅಂತ ಒಂದೇ ಸಾಲು ಬರೆದಿದ್ದರೆ, 'ನಮ್ಮ ಕೆರೆಯ ಮಾತು ಎಲ್ಲಿ ಹೋಯ್ತು?' ಅಂತ ಕೇಳಿ ಸೇರಿಸಿ.

ಇಲ್ಲೂ ಊರಿಗೆ ಯೋಜನೆ ತಡೆಯುವ ಅಧಿಕಾರವಿಲ್ಲ. ಕೆಲವು ಸಣ್ಣ ಗಣಿಗಳಿಗಂತೂ ಈ ಸಭೆಯೇ ಬೇಕಿಲ್ಲ, ಅದನ್ನು ಮೊದಲು ವಿಚಾರಿಸಿ. ಆದರೂ ದಾಖಲಾದ ಆಕ್ಷೇಪಕ್ಕೆ ಕಂಪನಿ ಉತ್ತರ ಕೊಡಬೇಕು, ಅದು ದೊಡ್ಡದಲ್ವಾ?

ನಾನಾದರೆ ಸಭೆಗೇ ಜಾಸ್ತಿ ಹೊತ್ತು ಕೊಡುತ್ತೇನೆ. ಆಯೋಗದ ಅರ್ಜಿ ಒಂದು ಮಧ್ಯಾಹ್ನದ ಕೆಲಸ, ಅದನ್ನೂ ಹಾಕಿಬಿಡಿ.